ಅರಮನೆ ನೋಡಿಯಾಯಿತೆ? ಇನ್ನು ಮೈಸೂರು ನೋಡಿ

ಬೆಳಗಿನ ಜಾವ ಬೆಂಗಳೂರಿನಿಂದ ಹೊರಟು ನಡುರಾತ್ರಿಗೆ ವಾಪಸ್ಸು ಬಿಡುವ ಪ್ರವಾಸಿ ಬಸ್ಸುಗಳ ಮೈಸೂರು ಎಲ್ಲರಿಗೂ ಗೊತ್ತು. ಶ್ರೀರಂಗಪಟ್ಟಣದಲ್ಲಿ ಅರ್ಧ ಗಂಟೆ, ಆಮೇಲೆ ಮೃಗಾಲಯ, ಅರಮನೆ, ಊಟ, ಚಾಮುಂಡಿ ಬೆಟ್ಟ, ದಾರಿಯಲ್ಲೊಂದು ರೇಷ್ಮೆ ಸೀರೆ ಅಂಗಡಿ, ಕತ್ತಲಾದ ಮೇಲೆ ಬೃಂದಾವನದ ಕಾರಂಜಿ. 2023ರಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಈ ಓಟ ಇನ್ನಷ್ಟು ಸಲೀಸಾಗಿದೆ. ಕಾರಿನವರೂ ಈಗ ಇದೇ ಪಟ್ಟಿ ಹಿಡಿದು ಬಂದು, ಮಧ್ಯಾಹ್ನ ಎರಡು ಗಂಟೆಯ ಬಿಸಿಲಲ್ಲಿ ಅರಮನೆಯ ಮುಂದೆ ಸೆಲ್ಫಿ ತೆಗೆದುಕೊಂಡು, ಸಂಜೆ ಟೋಲ್ ಕಟ್ಟಿ ಹಿಂತಿರುಗುತ್ತಾರೆ.

ಅವರು ನೋಡಿದ್ದೇನೂ ಸುಳ್ಳಲ್ಲ. ಆದರೆ ಮೈಸೂರಿನಲ್ಲಿ ಯಾವ ಜಾಗ ಎನ್ನುವುದಕ್ಕಿಂತ ಯಾವ ಹೊತ್ತು ಎನ್ನುವುದು ಮುಖ್ಯ. ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಎಂಟು, ಈ ಎರಡು ಹೊತ್ತಿನಲ್ಲಿ ಊರು ತನ್ನ ಪಾಡಿಗೆ ತಾನಿರುತ್ತದೆ. ಒಂದು ದಿನದ ಪ್ರವಾಸಿಗಳಿಗೆ ಸಿಗದೆ ಹೋಗುವುದೂ ಅವೇ ಎರಡು ಹೊತ್ತು. ಆದ್ದರಿಂದ ಈ ಲೇಖನದ ಮೊದಲ ಸಲಹೆ: ಎರಡು ರಾತ್ರಿ ಉಳಿಯಿರಿ. ಎರಡನೆಯದು: ನಡೆಯಿರಿ. ಹಳೆಯ ಮೈಸೂರು ಅಷ್ಟೇನೂ ದೊಡ್ಡ ಊರಲ್ಲ, ಬಹುಪಾಲು ಸಮತಟ್ಟು, ರಸ್ತೆಗೆ ಮರದ ನೆರಳೂ ಇದೆ.

ಪ್ಲೇಗಿನ ನಂತರದ ಬಡಾವಣೆಗಳು

ರೈಲಿನಲ್ಲಿ ಬರುವವರು ಮೈಸೂರು ಜಂಕ್ಷನ್‌ನಲ್ಲೇ ಇಳಿಯಬೇಕೆಂದಿಲ್ಲ. ಚಾಮರಾಜನಗರದ ಮಾರ್ಗದಲ್ಲಿ ಮುಂದಿನ ನಿಲ್ದಾಣ ಚಾಮರಾಜಪುರಂ. ಬೆಂಗಳೂರಿನಿಂದ ಬರುವ ಕೆಲವು ರೈಲುಗಳು ಅದನ್ನೂ ದಾಟಿ ಅಶೋಕಪುರಂವರೆಗೆ ಹೋಗುತ್ತವೆ. ಚಾಮರಾಜಪುರಂ ಎಂದರೆ ಮನೆಗಳ ನಡುವೆಯೇ ಇರುವ ಪುಟ್ಟ ನಿಲ್ದಾಣ. ಇಳಿದು ಹೊರಗೆ ಬಂದರೆ ಲಗೇಜಿಗೆ ಮುಗಿಬೀಳುವವರಿಲ್ಲ, ಹೋಟೆಲ್ ರೂಮಿನ ದಲ್ಲಾಳಿಗಳಿಲ್ಲ. ಐದು ನಿಮಿಷ ನಡೆದರೆ ಹಳೆಯ ಬಡಾವಣೆಗಳ ಒಳಗಿರುತ್ತೀರಿ.

ಈ ಬಡಾವಣೆಗಳು ಹುಟ್ಟಿದ್ದು ಭಯದಿಂದ. 1898ರ ಹೊತ್ತಿಗೆ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂತು. ಕೋಟೆಯ ಒಳಗೂ ಸುತ್ತಲೂ ಒತ್ತೊತ್ತಾಗಿದ್ದ ಕೇರಿಗಳಲ್ಲಿ ಜನ ಸತ್ತರು, ಉಳಿದವರು ಊರ ಹೊರಗೆ ಗುಡಿಸಲು ಹಾಕಿದರು. ಊರನ್ನು ಬಿಡಿಬಿಡಿಯಾಗಿ ಹರಡದೆ ಬೇರೆ ದಾರಿಯಿಲ್ಲ ಎಂದು ಅರಮನೆಗೂ ದಿವಾನರಿಗೂ ಮನವರಿಕೆಯಾಯಿತು. 1903ರಲ್ಲಿ ಸಿ.ಐ.ಟಿ.ಬಿ. ಎಂದೇ ಹೆಸರಾದ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಬಂತು. ಮುಂಬೈಯ ನಂತರ ದೇಶದಲ್ಲಿ ಇಂಥ ಮಂಡಳಿ ಮಾಡಿಕೊಂಡ ಮೊದಲ ಕೆಲವು ಊರುಗಳಲ್ಲಿ ಮೈಸೂರೂ ಒಂದು. ಕೃಷ್ಣಮೂರ್ತಿಪುರಂ, ಚಾಮುಂಡಿಪುರಂ, ಲಕ್ಷ್ಮೀಪುರಂಗಳ ನೇರ ರಸ್ತೆಗಳು, ಗಾಳಿ ಆಡುವ ನಿವೇಶನಗಳು, ನಡುನಡುವಿನ ಉದ್ಯಾನಗಳು, ಇವೆಲ್ಲ ಆ ಕಾಲದ ಯೋಚನೆಯ ಫಲ. ಇಂದಿನ ಬಡಾವಣೆಗಳನ್ನು ನೋಡಿದವರಿಗೆ ಆಗಿನವರ ಧಾರಾಳ ಆಶ್ಚರ್ಯ ಹುಟ್ಟಿಸಬಹುದು.

ಇಲ್ಲಿ ಒಂದನ್ನು ಗಮನಿಸಿ. ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಕಿರಿದಾದ ಓಣಿಯೊಂದು ಸಾಗುತ್ತದೆ. ಮೈಸೂರಿಗರು ಅದನ್ನು ಈಗಲೂ ‘ಕನ್ಸರ್ವೆನ್ಸಿ’ ಎನ್ನುತ್ತಾರೆ. ಒಳಚರಂಡಿ ಬರುವ ಮುನ್ನ ಮಲ ಹೊರುವ ಕೆಲಸಕ್ಕೆ ದೂಡಲ್ಪಟ್ಟವರು ಮುಂಬಾಗಿಲಿನವರ ಕಣ್ಣಿಗೆ ಬೀಳದಂತೆ ಬಂದು ಹೋಗಲು ಮಾಡಿದ ಹಾದಿ ಅದು. ನೈರ್ಮಲ್ಯದ ಮಾದರಿ ಎಂದು ಹೊಗಳುವವರು ಈ ಅರ್ಧವನ್ನು ಹೇಳುವುದಿಲ್ಲ. ಈಗ ಆ ಓಣಿಗಳಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ, ಸ್ಕೂಟರ್ ನಿಲ್ಲಿಸುತ್ತಾರೆ, ಹಿತ್ತಲ ಗೋಡೆ ದಾಟಿದ ಕರಿಬೇವಿನ ಮರ ಯಾರದೆಂದು ಜಗಳವನ್ನೂ ಆಡುತ್ತಾರೆ.

ನಡಿಗೆಯ ದಾರಿ ಸರಳ. ಚಾಮರಾಜಪುರಂನಿಂದ ಕೃಷ್ಣಮೂರ್ತಿಪುರಂ, ಅಲ್ಲಿಂದ ನಂಜುಮಳಿಗೆಯ ತರಕಾರಿ ಅಂಗಡಿಗಳ ಸಾಲು, ಚಾಮುಂಡಿಪುರಂ, ಕೊನೆಗೆ ಅಗ್ರಹಾರ. ಹೆಂಚಿನ ಮಾಡು, ಮರದ ಕಂಬದ ಜಗಲಿ, ಬಾಗಿಲಿನ ಮೇಲೆ ಗಾರೆಯಲ್ಲಿ ಮೂಡಿಸಿದ ಮನೆಯ ಹೆಸರು ಮತ್ತು ಇಸವಿ: ಇಂಥ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಪಕ್ಕದ್ದು ಮಾತ್ರ ಮೂರಂತಸ್ತಿನ ಗಾಜಿನ ಮುಖದ ಕಟ್ಟಡವಾಗಿರುತ್ತದೆ. ಅಗ್ರಹಾರ ವೃತ್ತದಲ್ಲಿ ನೂರೊಂದು ಗಣಪತಿ ದೇವಸ್ಥಾನವಿದೆ, ಹತ್ತಿರದಲ್ಲೇ ವಾಣಿವಿಲಾಸ ಮಾರುಕಟ್ಟೆ. ದೇವರಾಜ ಮಾರುಕಟ್ಟೆಯ ಗದ್ದಲ ಬೇಡವೆನ್ನುವವರು ಇಲ್ಲೇ ಹೂವು ಹಣ್ಣು ಕೊಳ್ಳಬಹುದು.

ತಿಂಡಿಗೆ ಚಾಮುಂಡಿಪುರಂನ ಗಾಯತ್ರಿ ಟಿಫಿನ್ ರೂಮ್ ಇದೆ. ಊರವರ ಬಾಯಲ್ಲಿ ಅದು ಜಿ.ಟಿ.ಆರ್. ದೋಸೆಗೆ ಭಾನುವಾರ ಕಾಯಬೇಕಾಗುತ್ತದೆ, ಕಾಯುವವರಲ್ಲಿ ಹೆಚ್ಚಿನವರು ಸುತ್ತಲಿನ ಬೀದಿಯವರೇ. ಒಳ್ಳೆಯ ಹೋಟೆಲಿಗೆ ಅದಕ್ಕಿಂತ ಬೇರೆ ಪ್ರಮಾಣಪತ್ರ ಬೇಕಿಲ್ಲ. ಅಲ್ಲಿಂದ ಆಟೋ ಹಿಡಿದರೆ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆ ದೂರವಿಲ್ಲ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಈ ಕಾರ್ಖಾನೆಯಲ್ಲಿ ಈಗ ಸರ್ಕಾರಿ ಸಂಸ್ಥೆಯಾದ ಕೆ.ಎಸ್.ಐ.ಸಿ. ಮೈಸೂರು ಸಿಲ್ಕ್ ಸೀರೆ ನೇಯುತ್ತದೆ. ಕೆಲಸದ ದಿನಗಳಲ್ಲಿ ಮಗ್ಗದ ಮನೆಯ ಒಳಗೆ ಹೋಗಿ ನೋಡಲು ಬಿಡುತ್ತಾರೆ, ಫೋಟೊ ಮಾತ್ರ ತೆಗೆಯುವಂತಿಲ್ಲ. ಕಿವಿಗಡಚಿಕ್ಕುವ ಮಗ್ಗದ ಸದ್ದಿನಲ್ಲಿ ಜರಿ ಅಂಚು ಬೆರಳುಬೆರಳಾಗಿ ಬೆಳೆಯುವುದನ್ನು ನೋಡಿದ ಮೇಲೆ ಸೀರೆಯ ಬೆಲೆಯ ಬಗ್ಗೆ ಗೊಣಗುವುದು ಸ್ವಲ್ಪ ಕಷ್ಟ. ಅದೇ ಭಾಗದ ಅಶೋಕಪುರಂಗೆ ಏಪ್ರಿಲ್ 14ರಂದು ಹೋಗಿ ನೋಡಿ. ಅಂಬೇಡ್ಕರ್ ಜಯಂತಿಯ ಸಡಗರ ಅಲ್ಲಿ ಯಾವ ಜಾತ್ರೆಗೂ ಕಡಿಮೆಯಿಲ್ಲ.

ಮಾರುಕಟ್ಟೆ ಮತ್ತು ಮಂಡಿ

ದೇವರಾಜ ಮಾರುಕಟ್ಟೆ ಅಪರಿಚಿತ ಜಾಗವೇನಲ್ಲ, ಎಲ್ಲ ಕೈಪಿಡಿಗಳಲ್ಲೂ ಇದೆ. ಆದರೆ ಪ್ರವಾಸಿಗಳು ಅಲ್ಲಿಗೆ ಬರುವುದು ಹನ್ನೊಂದರ ಮೇಲೆ. ಅಷ್ಟರಲ್ಲಿ ನಿಜವಾದ ವ್ಯಾಪಾರ ಮುಗಿದಿರುತ್ತದೆ, ಉಳಿದಿರುವುದು ಕುಂಕುಮದ ಬಣ್ಣಬಣ್ಣದ ಗೋಪುರಗಳು ಮತ್ತು ‘ಸ್ಯಾಂಡಲ್ ಆಯಿಲ್ ಮೇಡಂ’ ಎಂಬ ಕೂಗು. ಏಳು ಗಂಟೆಗೆ ಹೋಗಿ. ಧನ್ವಂತರಿ ರಸ್ತೆಯ ಕಡೆಯಿಂದಾಗಲಿ ಚಿಕ್ಕಗಡಿಯಾರದ ಕಡೆಯಿಂದಾಗಲಿ ಒಳಹೊಕ್ಕು, ಮೊದಲು ಹೂವಿನ ಸಾಲಿಗೆ ನಡೆಯಿರಿ. ಸೇವಂತಿಗೆ, ಕನಕಾಂಬರ, ಮಲ್ಲಿಗೆಯ ಕುಕ್ಕೆಗಳ ನಡುವೆ ಕೂತವರ ಕೈ ಒಂದು ಕ್ಷಣವೂ ನಿಲ್ಲುವುದಿಲ್ಲ. ಬಾಳೆನಾರಿನಲ್ಲಿ ಕಟ್ಟುತ್ತಾ ಗಿರಾಕಿಯೊಡನೆ ಮಾತಾಡುತ್ತಾ ಮೊಣಕೈಯಿಂದ ಬೆರಳ ತುದಿಗೆ ಮೊಳ ಅಳೆಯುತ್ತಾರೆ. ಉದ್ದ ಕೈಯವರ ಬಳಿ ಕೊಂಡರೆ ಲಾಭ ಎನ್ನುವುದು ಮೈಸೂರು ಹೆಂಗಸರ ಹಳೆಯ ತಮಾಷೆ. ಅದರಾಚೆ ಬಾಳೆಹಣ್ಣಿನವರ ಸಾಲು. ನಂಜನಗೂಡು ರಸಬಾಳೆ ಸಿಕ್ಕರೆ ಬಿಡಬೇಡಿ. ರೋಗ ಬಿದ್ದು ಬೆಳೆಯುವ ರೈತರೇ ಕಡಿಮೆಯಾಗಿರುವುದರಿಂದ ಎಲ್ಲ ದಿನವೂ ಸಿಗುವುದಿಲ್ಲ, ಆ ಹೆಸರಿನಲ್ಲಿ ಬೇರೆ ಹಣ್ಣನ್ನೂ ಮಾರುತ್ತಾರೆ. ಮೈಸೂರು ವೀಳ್ಯದೆಲೆ ಅಂಗೈ ಮೇಲಿಟ್ಟರೆ ಮೆತ್ತಗಿರುತ್ತದೆ, ಖಾರ ಹತ್ತುವುದು ತಡವಾಗಿ. ತರಕಾರಿಯಲ್ಲಿ ಈರನಗೆರೆ ಬದನೆಕಾಯಿ ಕೇಳಿ ನೋಡಿ: ಹಸಿರು ಬಣ್ಣದ, ಈ ಊರಿನದೇ ತಳಿ. ವಾಂಗಿಬಾತಿಗೆ ಅದಿಲ್ಲದಿದ್ದರೆ ನಡೆಯುವುದಿಲ್ಲ ಎನ್ನುವ ಮನೆಗಳು ಇನ್ನೂ ಇವೆ.

ಕಟ್ಟಡದ ಸ್ಥಿತಿ ಮಾತ್ರ ಚೆನ್ನಾಗಿಲ್ಲ. ಚಾಮರಾಜ ಒಡೆಯರ ಕಾಲದ ಈ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದು ಬಿತ್ತು. ಕೆಡವಿ ಕಟ್ಟಬೇಕೆ, ಉಳಿಸಿ ದುರಸ್ತಿ ಮಾಡಬೇಕೆ ಎಂಬ ವಾದ ಅಂದಿನಿಂದ ನ್ಯಾಯಾಲಯಕ್ಕೂ ಹೋಗಿ, ವರ್ಷಗಟ್ಟಲೆ ಎಳೆದಿದೆ. ಎದುರಿನ ಲ್ಯಾನ್ಸ್‌ಡೌನ್ ಕಟ್ಟಡದ ಕಥೆಯೂ ಅದೇ. ನೋಡುವುದಿದ್ದರೆ ಈಗಲೇ ನೋಡಿಬಿಡಿ.

ಅಲ್ಲಿಂದ ಅಶೋಕ ರಸ್ತೆ ದಾಟಿ ಲಷ್ಕರ್ ಮೊಹಲ್ಲಾ, ಮಂಡಿ ಮೊಹಲ್ಲಾಗಳಿಗೆ ಹೋಗುವವರು ಕಡಿಮೆ. ಪ್ರವಾಸಿ ಅಲ್ಲಿನ ದೊಡ್ಡ ಚರ್ಚಿಗೆ ಕಾರಿನಲ್ಲಿ ಬಂದು ಕಾರಿನಲ್ಲೇ ಹೋಗುತ್ತಾನೆ, ಪಕ್ಕದ ಬೀದಿ ಅವನಿಗೆ ಕಾಣುವುದಿಲ್ಲ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸದ ಮನೆಗಳು ಹೆಚ್ಚಾಗಿ ಇರುವುದು ಈ ಮೊಹಲ್ಲಾಗಳಲ್ಲೇ. ಅರಮನೆಯ ಬಾಗಿಲುಗಳಲ್ಲಿ ದಂತದ ಕುಸುರಿ ನೋಡಿ ಬಾಯಿಬಿಟ್ಟವರು, ಅದೇ ವಿದ್ಯೆ ಇಂದು ಹೇಗೆ ನಡೆಯುತ್ತಿದೆ ಎಂದು ಇಲ್ಲಿ ನೋಡಬಹುದು. ದಂತ ನಿಷೇಧವಾಗಿ ದಶಕಗಳಾದವು. ಈಗ ಹಲಸು, ತೇಗ ಮುಂತಾದ ಬೇರೆ ಬೇರೆ ಬಣ್ಣದ ಮರದ ತೆಳು ಚೂರುಗಳನ್ನು ಸಣ್ಣ ಗರಗಸದಲ್ಲಿ ಕೊಯ್ದು, ಬೀಟೆಯ ಹಲಗೆಯಲ್ಲಿ ಕೆತ್ತಿದ ಗುಳಿಗೆ ಕೂರಿಸಿ, ಉಜ್ಜಿ ಹೊಳಪು ಕೊಡುತ್ತಾರೆ. ಆನೆಯ ಕಿವಿಯ ಮಡಿಕೆಗೆ ಒಂದು ಮರ, ಬೆನ್ನಿಗೆ ಇನ್ನೊಂದು. ಬಣ್ಣ ಬಳಿಯುವುದಿಲ್ಲ, ಮರದ ಸ್ವಂತ ಬಣ್ಣವೇ ನೆರಳು ಬೆಳಕು. ಕೆಲಸದ ಮನೆಯವರನ್ನು ಕೇಳಿ ಒಳಗೆ ಹೋದರೆ ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ಕೊಳ್ಳುವುದಾದರೆ ಅಲ್ಲೇ ಕೊಳ್ಳಿ, ದುಡ್ಡು ಮಾಡಿದವನ ಕೈಗೇ ಹೋಗುತ್ತದೆ.

ಮಾಂಸಾಹಾರಿಗಳಿಗೆ ಮಂಡಿ ಮೊಹಲ್ಲಾದ ಅಕ್ಬರ್ ರಸ್ತೆಯ ಹನುಮಂತು ಹೋಟೆಲಿನ ಪಲಾವ್ ತಿನ್ನದೆ ಊರು ಬಿಡುವ ಹಾಗಿಲ್ಲ. ಎಲೆಯ ಮೇಲೆ ಬರುವ, ಮಸಾಲೆಯ ಅಬ್ಬರವಿಲ್ಲದ ಮೈಸೂರು ಕಡೆಯ ಪಲಾವ್ ಅದು. ಹೈದರಾಬಾದಿ ಬಿರಿಯಾನಿಯ ನಿರೀಕ್ಷೆಯಲ್ಲಿ ಹೋಗಬೇಡಿ.

ಇನ್ನು ನಜರಬಾದಿನ ಮೈಲಾರಿ ದೋಸೆ. ಮೈಲಾರಿ ಹೆಸರಿನ ಹೋಟೆಲುಗಳು ಊರಲ್ಲಿ ಹಲವಿವೆ. ಯಾವುದು ಮೂಲ ಎಂಬ ವಾದಕ್ಕೆ ಇಳಿದರೆ ದೋಸೆ ಆರುತ್ತದೆ. ಗರಿಗರಿ ದೋಸೆಯವರಿಗೆ ಇದು ದೋಸೆಯೇ ಅಲ್ಲ ಅನ್ನಿಸಬಹುದು, ಬೆರಳಿಗೆ ಸಿಕ್ಕ ಕೂಡಲೇ ಹರಿಯುವಷ್ಟು ಮೆತ್ತಗೆ, ಒಳಗೆ ಆಲೂಗಡ್ಡೆಯ ಬದಲು ಸಾಗು, ಮೇಲೆ ಕರಗುತ್ತಿರುವ ಬೆಣ್ಣೆ. ನನ್ನ ಮಟ್ಟಿಗೆ ಎರಡನೆಯ ದೋಸೆಯಿಂದಲೇ ರುಚಿ ಶುರು.

ಬೆಳಿಗ್ಗೆ ಬೇಗ ಎದ್ದವರು ಹಳೆಯ ಮೊಹಲ್ಲಾಗಳಲ್ಲಿ ಗರಡಿ ಮನೆ ಎಲ್ಲಿ ಎಂದು ವಿಚಾರಿಸಿ. ಮೈಸೂರಿನಲ್ಲಿ ಇನ್ನೂ ಹಲವು ಗರಡಿಗಳಿವೆ. ಕತ್ತಲು ಕೋಣೆ, ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿ, ಮೂಲೆಯಲ್ಲಿ ಆಂಜನೇಯ, ಗೋಡೆಯ ತುಂಬ ಹಳೆಯ ಪೈಲ್ವಾನರ ಫೋಟೊಗಳು. ಚಪ್ಪಲಿ ಹೊರಗೆ ಬಿಟ್ಟು ಕೇಳಿಯೇ ಒಳಗೆ ಹೋಗಬೇಕು. ಮಣ್ಣಿಗೆ ಕಾಲಿಡುವಂತಿಲ್ಲ. ದಸರೆಯ ಮುಂಚಿನ ವಾರಗಳಲ್ಲಿ ಹೋದರೆ ಸಾಮು ಜೋರಾಗಿರುತ್ತದೆ.

ಬಿಸಿಲಿನ ಹೊತ್ತಿಗೆ

ಹನ್ನೊಂದರಿಂದ ಮೂರು ನೆರಳಿನ ಕೆಲಸಕ್ಕೆ ಇಟ್ಟುಕೊಳ್ಳಿ. ಕೃಷ್ಣರಾಜ ಬುಲೆವಾರ್ಡ್ ಎಂಬ ಮರಗಳ ರಸ್ತೆಯಲ್ಲಿ ಕ್ರಾಫರ್ಡ್ ಭವನ, ಕಾಲೇಜುಗಳು, ಪ್ರಾಚ್ಯವಿದ್ಯಾ ಸಂಶೋಧನಾಲಯ ಎಲ್ಲ ಒಂದೇ ಕಡೆ ಇವೆ. ಸಂಶೋಧನಾಲಯ ಶುರುವಾದದ್ದು 1891ರಲ್ಲಿ. ಇಲ್ಲಿ ಗ್ರಂಥಪಾಲರಾಗಿದ್ದ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ, ಪಂಡಿತರೊಬ್ಬರು ತಂದುಕೊಟ್ಟಿದ್ದ ಓಲೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. ಅದುವರೆಗೆ ಆ ಗ್ರಂಥ ಹೆಸರಿಗೆ ಮಾತ್ರ ಉಳಿದಿತ್ತು, 1909ರಲ್ಲಿ ಅಚ್ಚಾಯಿತು. ಪ್ರಾಚೀನ ಭಾರತದ ರಾಜ್ಯಾಡಳಿತದ ಬಗ್ಗೆ ಇಂದು ಬರೆಯುವವರೆಲ್ಲ ಈ ಕಟ್ಟಡಕ್ಕೆ ಋಣಿಗಳು. ಆದರೂ ಎದುರಿನ ರಸ್ತೆಯಲ್ಲಿ ಹೋಗುವ ಪ್ರವಾಸಿ ಬಸ್ಸು ಇಲ್ಲಿ ನಿಲ್ಲುವುದಿಲ್ಲ. ಇದು ವಸ್ತುಸಂಗ್ರಹಾಲಯವಲ್ಲ, ಕೆಲಸ ನಡೆಯುವ ಜಾಗ. ಕಚೇರಿ ಸಮಯದಲ್ಲಿ ಹೋಗಿ, ಅನುಮತಿ ಕೇಳಿ. ಓಲೆಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರಿ ಒರೆಸುವ ಕೆಲಸ ನಡೆಯುತ್ತಿದ್ದರೆ ನಿಮ್ಮ ಅದೃಷ್ಟ.

ಜಗನ್ಮೋಹನ ಅರಮನೆಯ ಚಿತ್ರಶಾಲೆಯೂ ಮಧ್ಯಾಹ್ನಕ್ಕೆ ಒಳ್ಳೆಯದು. ರವಿವರ್ಮನ ಚಿತ್ರಗಳೂ ಎಸ್.ಎಲ್. ಹಲ್ದಣಕರ್ ಅವರ ದೀಪ ಹಿಡಿದ ಹುಡುಗಿಯ ಚಿತ್ರವೂ ಅಲ್ಲಿವೆ. ಮಕ್ಕಳಿದ್ದರೆ ರೈಲ್ವೆ ವಸ್ತುಸಂಗ್ರಹಾಲಯ. 1979ರಲ್ಲಿ ಆರಂಭವಾದ ಇದು ದೆಹಲಿಯ ನಂತರದ್ದು, ಮಹಾರಾಣಿಯವರ ಸಲೂನ್ ಬೋಗಿಯನ್ನು ದೊಡ್ಡವರೂ ಬಿಟ್ಟಗಲ್ಲದಿಂದ ನೋಡುತ್ತಾರೆ. ಹೋಗುವ ದಾರಿಯಲ್ಲಿ ದೊಡ್ಡಗಡಿಯಾರ ಕಂಡರೆ ತಲೆ ಎತ್ತಿ ನೋಡಿ: ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿದ್ದು, ಗಂಟೆಗಳೆಲ್ಲ ಕನ್ನಡ ಅಂಕಿಯಲ್ಲಿವೆ.

ಒಂಟಿಕೊಪ್ಪಲು, ಯಾದವಗಿರಿ, ಗೋಕುಲಂ

ಸಂಜೆ ನಾಲ್ಕಕ್ಕೆ ಊರಿನ ಉತ್ತರದ ಭಾಗಕ್ಕೆ ಬನ್ನಿ. ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯಿದೆ. ಕೆಡವುವ ಹಂತಕ್ಕೆ ಹೋಗಿದ್ದ ಮನೆಯನ್ನು ಮಹಾನಗರ ಪಾಲಿಕೆ ಕೊಂಡು, ದುರಸ್ತಿ ಮಾಡಿಸಿ 2016ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ವಸ್ತುಗಳು ಹೆಚ್ಚಿಲ್ಲ: ಕೋಟು, ಕನ್ನಡಕ, ಪ್ರಶಸ್ತಿಗಳು, ಪುಸ್ತಕಗಳು. ನೋಡಬೇಕಾದ್ದು ಮಹಡಿಯ ಅರ್ಧವೃತ್ತದ ಕೋಣೆ. ಸುತ್ತಲೂ ಕಿಟಕಿ, ನಡುವೆ ಬೆಳಕು. ಇಲ್ಲದ ಊರೊಂದನ್ನು ಕಟ್ಟುತ್ತಿದ್ದ ಮನುಷ್ಯನಿಗೆ ಎದುರಿಗಿದ್ದ ಊರು ಎಲ್ಲ ದಿಕ್ಕಿನಿಂದಲೂ ಕಾಣಬೇಕಿತ್ತು ಅನ್ನಿಸುತ್ತದೆ.

ಅಲ್ಲಿಂದ ಒಂಟಿಕೊಪ್ಪಲಿಗೆ ನಡೆದುಕೊಂಡೇ ಹೋಗಬಹುದು. ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆಯಿಂದಲೇ ಖಾಸಗಿ ರೇಡಿಯೋ ಕೇಂದ್ರ ನಡೆಸಿದ್ದು ಇದೇ ಭಾಗದಲ್ಲಿ. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಹೋದದ್ದು ಇಲ್ಲಿಂದ. ಕುವೆಂಪು ಅವರ ‘ಉದಯರವಿ’ಯೂ ಈ ಕಡೆಯೇ ಇದೆ, ಹೊರಗಿನಿಂದ ನೋಡಿ ಕೈಮುಗಿದು ಮುಂದೆ ನಡೆಯಿರಿ, ಅದು ಮನೆ. ಗಣೇಶನ ಹಬ್ಬದ ದಿನಗಳಲ್ಲಿ ಬಂದವರಿಗೆ ಎಂಟನೇ ಕ್ರಾಸಿನ ಗಣಪತಿ ಪೆಂಡಾಲು ಸಿಗುತ್ತದೆ. ದೇಶದ ದೊಡ್ಡ ವಿದ್ವಾಂಸರೆಲ್ಲ ದಶಕಗಳಿಂದ ಬಂದು ಹಾಡಿ ಹೋದ ವೇದಿಕೆ ಅದು. ರಸ್ತೆಯಲ್ಲಿ ಕುರ್ಚಿ, ಟಿಕೆಟ್ಟಿಲ್ಲ, ಸುತ್ತಲಿನ ಮನೆಗಳ ಜಗಲಿಯೇ ಬಾಲ್ಕನಿ. ದಸರೆಯ ಝಗಮಗಕ್ಕಿಂತ ಮೈಸೂರಿನ ಸಂಗೀತ ನನಗೆ ಅಲ್ಲೇ ಹೆಚ್ಚು ಕೇಳಿಸಿದೆ.

ಗೋಕುಲಂ ಬೇರೆಯೇ ಲೋಕ. ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರು ನಡೆಸಿದ ಯೋಗಶಾಲೆಯ ಕವಲು ಇಲ್ಲಿ ಬಂದು ಹರಡಿದೆ. ಅವರ ಶಿಷ್ಯ ಪಟ್ಟಾಭಿ ಜೋಯಿಸರಲ್ಲಿ ಕಲಿಯಲು ಜಗತ್ತಿನ ಮೂಲೆಮೂಲೆಯಿಂದ ಬರುತ್ತಿದ್ದವರು ಈ ಬಡಾವಣೆಯನ್ನೇ ಬದಲಿಸಿಬಿಟ್ಟರು. ಬೆಳಿಗ್ಗೆ ಒಂಬತ್ತಕ್ಕೆ ಎಳನೀರಿನ ಗಾಡಿಯ ಸುತ್ತ ಹತ್ತು ದೇಶದವರು ನಿಂತಿರುತ್ತಾರೆ, ಎಳನೀರಿನವರು ಎಲ್ಲರಿಗೂ ಅರ್ಥವಾಗುವ ಇಂಗ್ಲಿಷಿನಲ್ಲಿ ಗಂಜಿ ಬೇಕೋ ನೀರು ಬೇಕೋ ಕೇಳುತ್ತಿರುತ್ತಾರೆ. ತಿಂಡಿಯ ಬೆಲೆಯೂ ಇಲ್ಲಿ ಒಂದು ಕೈ ಮೇಲು.

ಸೂರ್ಯ ಮುಳುಗುವ ಹೊತ್ತಿಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿರಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ, ಈಗ ವಿಶ್ವವಿದ್ಯಾನಿಲಯದ ಸುಪರ್ದಿನಲ್ಲಿದೆ. ಕುವೆಂಪು ನಡೆದ ಏರಿ ಎಂದು ಬಂದವರಿಗೆ ಇನ್ನೊಂದು ಉಡುಗೊರೆ ಹೆಜ್ಜಾರ್ಲೆಗಳು. ನಡುಗಡ್ಡೆಯ ಮರಗಳಿಗೆ ಅವು ಹಿಂತಿರುಗುವಾಗ ನೀರುಕಾಗೆಗಳೊಡನೆ ಜಾಗಕ್ಕೆ ಕಿತ್ತಾಟ ಆಗುತ್ತದೆ. ಬೆಳಿಗ್ಗೆ ಮತ್ತು ಸಂಜೆ ಮಾತ್ರ ಒಳಗೆ ಬಿಡುವುದರಿಂದ ನಡುಹಗಲಿನಲ್ಲಿ ಹೋಗಬೇಡಿ. ಅಲ್ಲಿಂದ ಕಲಾಮಂದಿರದ ಆವರಣ ಹತ್ತಿರ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣದ ವಾರಾಂತ್ಯದ ನಾಟಕ ಇದ್ದರೆ ಟಿಕೆಟ್ಟು ತೆಗೆದುಕೊಳ್ಳಿ. ಒಂದು ಸಿನಿಮಾಕ್ಕೆ ಕೊಡುವುದಕ್ಕಿಂತ ಕಡಿಮೆ ದುಡ್ಡು.

ಬೆಟ್ಟ ಹತ್ತುವವರಿಗೆ

ಚಾಮುಂಡಿ ಬೆಟ್ಟಕ್ಕೆ ನಗರ ಬಸ್ ನಿಲ್ದಾಣದಿಂದ 201ನೇ ನಂಬರಿನ ಬಸ್ಸುಂಟು. ನನ್ನ ಸಲಹೆ: ಬೆಳಿಗ್ಗೆ ಆರಕ್ಕೆ ತಪ್ಪಲಿನಿಂದ ಸಾವಿರ ಮೆಟ್ಟಿಲು ಹತ್ತಿ, ಬಸ್ಸಿನಲ್ಲಿ ಇಳಿಯಿರಿ. ಮಂಡಿ ನೋವಿನವರು ಬಸ್ಸಿನಲ್ಲಿ ಹತ್ತಿ ನಂದಿಯವರೆಗೆ ಮಾತ್ರ ಇಳಿದು ಬರಬಹುದು. ದೊಡ್ಡ ದೇವರಾಜ ಒಡೆಯರ ಕಾಲದ ಆ ಏಕಶಿಲಾ ನಂದಿಯ ಕೊರಳಿನ ಗಂಟೆಸರವನ್ನು ಜನವಿಲ್ಲದಾಗ ಸುತ್ತುಹಾಕಿ ನೋಡಬೇಕು. ಆಷಾಢದ ಶುಕ್ರವಾರಗಳಂದು ಮಾತ್ರ ಈ ಯೋಜನೆ ಬೇಡ, ಬೆಟ್ಟದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಬೆಟ್ಟದ ಆಚೆ ಉತ್ತನಹಳ್ಳಿಯಲ್ಲಿ ಚಾಮುಂಡಿಯ ತಂಗಿ ಜ್ವಾಲಾಮುಖಿ ತ್ರಿಪುರಸುಂದರಿ ಇದ್ದಾಳೆ. ಅಕ್ಕನ ದರ್ಶನಕ್ಕೆ ಬಂದವರಲ್ಲಿ ಹತ್ತಕ್ಕೊಬ್ಬರೂ ತಂಗಿಯ ಕಡೆ ಹೋಗುವುದಿಲ್ಲ.

ಇನ್ನು ವ್ಯವಹಾರದ ಮಾತು. ಅರಮನೆಯ ಸುತ್ತ ‘ಇವತ್ತು ಅರಮನೆ ತೆರೆಯುವುದು ತಡ, ಅಷ್ಟರಲ್ಲಿ ಗಂಧದೆಣ್ಣೆ ತಯಾರಿಸುವ ಜಾಗ ತೋರಿಸುತ್ತೇನೆ’ ಎಂದು ಅಗ್ಗದ ಸವಾರಿ ಕೊಡುವವರನ್ನು ನಯವಾಗಿ ಬೇಡವೆನ್ನಿ. ಅಂಗಡಿಯಿಂದ ಕಮಿಷನ್ ಸಿಗುವುದರಿಂದಲೇ ಸವಾರಿ ಅಗ್ಗ. ಟಾಂಗಾ ಹತ್ತುವುದಾದರೆ ದರ, ದಾರಿ ಎರಡನ್ನೂ ಮೊದಲೇ ಮಾತಾಡಿಕೊಳ್ಳಿ. ಮೃಗಾಲಯ, ಕಾರಂಜಿ ಕೆರೆಗಳಿಗೆ ಮಂಗಳವಾರ ರಜೆ. ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಏಳರ ಸುಮಾರಿಗೆ, ಅದೂ ಮುಕ್ಕಾಲು ಗಂಟೆಯಷ್ಟೇ. ಆದ್ದರಿಂದ ಶನಿವಾರ ಬೆಳಿಗ್ಗೆ ಬಂದು ಸೋಮವಾರ ತಿಂಡಿ ತಿಂದು ಹೊರಡುವ ಲೆಕ್ಕ ಸರಿಹೊಂದುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗಿನ ಹವೆ ನಡಿಗೆಗೆ ಚೆನ್ನ. ದಸರೆಯ ಹತ್ತು ದಿನ ಊರು ಸೊಗಸು, ರೂಮಿನ ಬಾಡಿಗೆ ಮಾತ್ರ ಎರಡರಷ್ಟು, ನಾನು ಹೇಳಿದ ಯಾವ ಬೀದಿಯೂ ಆಗ ನಿಮಗೆ ಸದ್ದಿಲ್ಲದೆ ಸಿಗುವುದಿಲ್ಲ.

ಹಳೆಯ ಮನೆಗಳ ಫೋಟೊ ತೆಗೆಯುವಾಗ ಜಗಲಿಯಲ್ಲಿ ಕೂತವರನ್ನು ಒಂದು ಮಾತು ಕೇಳಿ. ‘ಅಜ್ಜಿ, ತೆಗೀಬಹುದಾ?’ ಎಂದರೆ ಸಾಕು, ಮನೆ ಕಟ್ಟಿಸಿದವರ ಚರಿತ್ರೆಯೂ ಜೊತೆಗೆ ಸಿಗುವ ಸಂಭವವಿದೆ.

ಇಷ್ಟೆಲ್ಲ ಕೇಳಿಯೂ ರಜೆ ಇರುವುದು ಒಂದೇ ದಿನ ಎನ್ನುವವರು ಬೃಂದಾವನದ ಕಾರಂಜಿಯನ್ನು ಪಟ್ಟಿಯಿಂದ ತೆಗೆದುಬಿಡಿ. ಆ ಮೂರು ಗಂಟೆಯನ್ನು ಬೆಳಗಿನ ದೇವರಾಜ ಮಾರುಕಟ್ಟೆಗೂ ಸಂಜೆಯ ಕುಕ್ಕರಹಳ್ಳಿಗೂ ಹಂಚಿ ಕೊಡಿ.